ಹುರಿ, ಕಿಡಿ, ಗೆಡ್ಡೆ

ಆಸ್ಟ್ರೇಲಿಯಾದ ಜಾನ್ ಪ್ಲಾಂಟ್ 2015ರಿಂದ ಯೂಟ್ಯೂಬಿನಲ್ಲಿ ತುಟಿ ಬಿಚ್ಚದೆ ಗುಡಿಸಲು ಕಟ್ಟುತ್ತಾರೆ, ಕಲ್ಲು ಮಸೆದು ಕೊಡಲಿ ಮಾಡುತ್ತಾರೆ, ಕೋಲು ಕಡೆದು ಬೆಂಕಿ ಹೊತ್ತಿಸುತ್ತಾರೆ. ಅದನ್ನು ನೋಡಿದ ಹುರುಪಿನಲ್ಲಿ ದುಬಾರಿ ಚಾಕು, ಟೆಂಟು ಕೊಂಡು ದಾಂಡೇಲಿಗೆ ಹೊರಡುವವರಿದ್ದಾರೆ. ಧಾರವಾಡದವರಿಗೆ ಅಷ್ಟು ಅವಸರ ಬೇಡ. ಗೋವಾ ರಸ್ತೆಯ ಕೆಲಗೇರಿ ಕೆರೆಯ ಸುತ್ತಲಿನ ಹೊಲ, ಬದು, ಪೊದೆಗಳಲ್ಲೇ ಈ ವಿದ್ಯೆಯ ಮೊದಲ ಪಾಠಗಳಿವೆ. ಊರಿಗೆ ಕುಡಿಯುವ ನೀರಿಗೆಂದು ಕಟ್ಟಿದ ಕೆರೆ ಇದು. ಈಗ ಹೆಚ್ಚಾಗಿ ಹಕ್ಕಿ ನೋಡುವವರ ಮತ್ತು ಬೆಳಗಿನ ವಾಕಿಂಗ್‌ನವರ ಪಾಲು.

ಹಗ್ಗದಿಂದ ಶುರು ಮಾಡುವುದು ಒಳ್ಳೆಯದು. ಬೆಂಕಿಯಷ್ಟು ಬೆರಗು ಅದರಲ್ಲಿಲ್ಲ, ಆದರೆ ಹಗ್ಗವಿಲ್ಲದೆ ಗುಡಿಸಲೂ ಇಲ್ಲ, ಬಲೆಯೂ ಇಲ್ಲ, ಬಿಲ್ಲೂ ಇಲ್ಲ. ಜೋಳದ ಹೊಲದಂಚಿಗೆ ಹಾಕುವ ಪುಂಡಿಯ ಎಲೆ ಪಲ್ಯಕ್ಕಾದರೆ ದಂಟು ನಾರಿಗೆ. ಬಲಿತ ದಂಟನ್ನು ಎರಡು ವಾರಕ್ಕೂ ಹೆಚ್ಚು ಕಾಲ ನೀರಲ್ಲಿ ಕೊಳೆಯಲು ಬಿಟ್ಟು, ಬಡಿದು, ಸಿಪ್ಪೆಯಿಂದ ನಾರು ಬಿಡಿಸಿ ತೊಳೆದು ಒಣಗಿಸುತ್ತಾರೆ. (ಮನೆಗೆ ಆ ವಾಸನೆ ತರಬೇಡಿ, ಹಿತ್ತಲ ತೊಟ್ಟಿ ಸಾಕು.) ಆಮೇಲೆ ತೊಡೆಯ ಮೇಲೆ ಹೊಸೆಯುವ ಕೆಲಸ. ಎರಡು ಎಳೆಗಳನ್ನೂ ಒಂದೇ ದಿಕ್ಕಿಗೆ ಹುರಿಗೊಳಿಸಿ, ಎರಡನ್ನೂ ಕೂಡಿಸಿ ಎದುರು ದಿಕ್ಕಿಗೆ ಸುತ್ತಬೇಕು. ಒಂದೊಂದು ಎಳೆಯೂ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆ ಹವಣಿಕೆಯೇ ಜೊತೆಯ ಎಳೆಯನ್ನು ಬಿಗಿಯುತ್ತದೆ. ಗಂಟಿಲ್ಲದೆ, ಅಂಟಿಲ್ಲದೆ ಹಗ್ಗ ನಿಲ್ಲುವುದು ಇದರಿಂದ. ಎಳೆ ಮುಗಿಯುವ ಮುನ್ನ ಹೊಸ ನಾರು ಸೇರಿಸುತ್ತ ಹೋದರೆ ಉದ್ದಕ್ಕೆ ಮಿತಿಯಿಲ್ಲ. ಎರಡೂ ಎಳೆ ಒಂದೇ ಕಡೆ ಮುಗಿಯದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಹಗ್ಗ ಅಲ್ಲೇ ಹರಿಯುತ್ತದೆ.

ಬೆಂಕಿಯ ಪಾಠ ಕಠಿಣ. ಮರಕ್ಕೆ ಮರ ತಿಕ್ಕಿ ಬೆಂಕಿ ತೆಗೆಯುವುದು ನಮ್ಮಲ್ಲಿ ಮ್ಯೂಸಿಯಮ್ಮಿಗೆ ಸೇರಿಲ್ಲ. ಯಜ್ಞಗಳಲ್ಲಿ ಇಂದಿಗೂ ಅರಣಿ ಕಡೆಯುತ್ತಾರೆ. ಅರಳಿ ಮರದ ತುಂಡಿನ ಮೇಲೆ ಕಡೆಗೋಲು ನಿಲ್ಲಿಸಿ, ಹಗ್ಗ ಸುತ್ತಿ, ಅತ್ತಿತ್ತ ಎಳೆಯುತ್ತಾರೆ. ತಿಕ್ಕಾಟಕ್ಕೆ ಉದುರುವ ಸಣ್ಣ ಪುಡಿ ಮೊದಲು ಕಂದಾಗಿ, ಆಮೇಲೆ ಕಪ್ಪಾಗಿ ಗುಂಡಿಯಲ್ಲಿ ಕೂಡುತ್ತದೆ. ಕೆಂಡವಾಗುವುದು ಆ ಪುಡಿ, ಮರವಲ್ಲ. ಅದನ್ನು ಒಣ ನಾರಿನ ಗೂಡಿಗೆ ಸುರಿದು ಊದಿದಾಗ ಜ್ವಾಲೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಈ ಕಸರತ್ತು ನಡೆಯುವುದು ಅಪರೂಪ, ಗಾಳಿಯ ತೇವವನ್ನೇ ನಾರು ಹೀರಿಕೊಂಡಿರುತ್ತದೆ. ಚಕಮಕಿ ಕಲ್ಲು, ಉಕ್ಕಿನ ತುಂಡು, ಸುಟ್ಟು ಕರಿ ಮಾಡಿದ ಅರಳೆ ಇಟ್ಟುಕೊಂಡ ಹಿರಿಯರು ಜಾಣರು.

ಕಲ್ಲಿನ ವಿಷಯಕ್ಕೆ ಬಂದರೆ ನಮ್ಮ ಭಾಗದ ದಾಖಲೆ ಬಹಳ ಹಳೆಯದು. ಮಲಪ್ರಭೆಯ ದಂಡೆಗಳಲ್ಲಿ ಹಳೆ ಶಿಲಾಯುಗದವರು ಬೆಣಚುಕಲ್ಲಿನಂಥ ಗಟ್ಟಿ ಕಲ್ಲನ್ನು ಒಡೆದು ಮಾಡಿದ ಕೈಗೊಡಲಿಗಳು ಸಿಕ್ಕಿವೆ. ಆರ್.ವಿ. ಜೋಶಿ ಈ ಕಣಿವೆಯ ಬಗ್ಗೆ ಬರೆದ ಗ್ರಂಥ 1955ರಲ್ಲಿ ಬಂತು. ಪ್ರಕಟಿಸಿದವರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಜೊತೆ ನಮ್ಮ ಕರ್ನಾಟಕ ವಿಶ್ವವಿದ್ಯಾಲಯವೂ ಇತ್ತು. ಕಲ್ಲು ಒಡೆಯಲು ಬಲಕ್ಕಿಂತ ಕೋನ ಮುಖ್ಯ. ಅಂಚು ಲಂಬಕೋನಕ್ಕಿಂತ ಚೂಪಾಗಿದ್ದ ಕಡೆ ಹೊಡೆದರಷ್ಟೇ ಚಕ್ಕೆ ಏಳುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ.

ಇವೆಲ್ಲ ಕೈಚಳಕ, ತಿಂಗಳೊಪ್ಪತ್ತಿನಲ್ಲಿ ಬಂದೀತು. ಬಾರದೆ ಸತಾಯಿಸುವುದು ಗುರುತು ಹಿಡಿಯುವ ಕಣ್ಣು. ಹೊಲದಲ್ಲಿ ಹಕ್ಕರಕಿ ಕಿತ್ತು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಅಜ್ಜಿಗೆ ಪಕ್ಕದ ಕಳೆ ಯಾವುದೆಂದು ಕೇಳಿ ನೋಡಿ: ಹೆಸರು, ರುಚಿ, ಬರುವ ಕಾಲ, ದನ ತಿನ್ನುತ್ತದೋ ಇಲ್ಲವೋ, ಎಲ್ಲ ಹೇಳುತ್ತಾರೆ. ಬಾರಿ, ಕವಳಿ, ಕಾರಿ, ನೇರಳೆ ಯಾವಾಗ ಹಣ್ಣಾಗುತ್ತವೆಂದು ದನ ಕಾಯುವ ಹುಡುಗರು ಪಂಚಾಂಗವಿಲ್ಲದೆ ಬಲ್ಲರು. ಪಶ್ಚಿಮಕ್ಕೆ ಜೋಯಿಡಾ ಕಡೆ ಹೋದರೆ ಕುಣಬಿ ಸಮುದಾಯದವರ ಗೆಡ್ಡೆ-ಗೆಣಸಿನ ಜ್ಞಾನ ಎದುರಾಗುತ್ತದೆ. ಕೋನ್, ಮುಡ್ಲಿ ಎಂದು ಅವರು ಬೆಳೆಸುವ ತಳಿಗಳೇ ಹಲವು. ಕಹಿಯಾದ ಕಾಡುಗೆಣಸನ್ನು ಹಾಗೇ ತಿಂದರೆ ವಿಷ; ಹೋಳು ಮಾಡಿ ಬೂದಿಯೊಂದಿಗೆ ಬೇಯಿಸಿ ಹರಿಯುವ ನೀರಲ್ಲಿ ಇಟ್ಟು ಕಹಿ ಕಳೆಯುವ ಪದ್ಧತಿ ಹಲವು ಕಾಡಿನ ಜನರಲ್ಲಿದೆ. ವಿಡಿಯೊ ನೋಡಿ ಇದನ್ನು ಮಾಡಹೋಗುವುದು ಜೀವಕ್ಕೆ ಸಂಚಕಾರ. ಇಂಥ ವಿದ್ಯೆಗೆ ಇಡುವ ‘ಆದಿಮ’ ಎಂಬ ಹೆಸರೇ ನನಗೆ ಇಲ್ಲಿ ಅಷ್ಟು ಒಪ್ಪಿತವಲ್ಲ. ಜೋಯಿಡಾದಲ್ಲಿ ಗೆಡ್ಡೆ-ಗೆಣಸಿನ ಮೇಳ ನಡೆಯುತ್ತದೆ, ಜನ ಕೊಂಡೊಯ್ದು ಅಡುಗೆ ಮಾಡುತ್ತಾರೆ; ಮುಗಿದುಹೋದ ಕಾಲದ ಸಂಗತಿ ಹಾಗೆ ಮಾರಾಟವಾಗುವುದಿಲ್ಲ. ಇದನ್ನೆಲ್ಲ ಕಲಿಸುವ ಶಿಬಿರಕ್ಕೆ ಹಣ ಕಟ್ಟುವ ಮೊದಲು ಆ ಮೇಳಕ್ಕೆ ಹೋಗಿಬನ್ನಿ.

ಕಾಡಿನೊಳಗೆ ಈ ಪ್ರಯೋಗ ಬೇಡ. ಕಾಳಿ ಹುಲಿ ಮೀಸಲು ಪ್ರದೇಶದಲ್ಲಿ ಬೆಂಕಿ ಹಚ್ಚುವುದು, ಗೆಡ್ಡೆ ಅಗೆಯುವುದು, ನಾರು ಸುಲಿಯುವುದು ಪ್ರವಾಸಿಗರಿಗೆ ಅಪರಾಧ. ಕಲಿಯಲು ಸ್ವಂತ ಹೊಲ, ಶಾಲೆಯ ಅಂಗಳ ಸಾಕು. ಬೆಂಕಿಗೆ ಮಾಘದ ಒಣ ಹವೆ ಒಳ್ಳೆಯದು, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡು.