ಅಡುಗೆ ಕಟ್ಟೆಗೆ ಮರ, ಕಪಾಟಿಗೆ ಬಣ್ಣ

ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಊರಿನಲ್ಲೂ ಈಗ ಹೊಸ ಮನೆ ಕಟ್ಟಿಸುವವರು ಅಡುಗೆಮನೆಯ ಮಾತು ಬಂದಾಗ ಬಡಗಿಯ ಮುಂದೆ ಒಂದು ಚಿತ್ರ ಹಿಡಿಯುವುದುಂಟು. ಹಸಿರೋ ನೀಲಿಯೋ ಬಳಿದ ಕಪಾಟುಗಳು, ಅವುಗಳ ಮೇಲೆ ಜೇನಿನ ಬಣ್ಣದ ಮರದ ಕಟ್ಟೆ. ನೋಡಲೇನೋ ಸೊಗಸಾಗಿದೆ. ಆದರೆ ಒಗ್ಗರಣೆ ಸಿಡಿಯುವ, ಅರಿಶಿನ ಚೆಲ್ಲುವ, ದಿನಕ್ಕೆ ನಾಲ್ಕು ಸಲ ನೀರು ಹರಿಯುವ ಜಾಗದಲ್ಲಿ ಮರ ಉಳಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಬಣ್ಣದ ಅಂಗಡಿಯ ಶೇಡ್ ಕಾರ್ಡಿನಲ್ಲಿ ಇಲ್ಲ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದೆ.

ಮರ ಅಡುಗೆಮನೆಗೆ ಹೊಸದೇನಲ್ಲ. ಚಿತ್ರದುರ್ಗ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ನಿಂತು ಅಡುಗೆ ಮಾಡುವ ಕಟ್ಟೆಯೇ ಇರಲಿಲ್ಲ. ಒಲೆ ನೆಲದ ಮೇಲಿತ್ತು, ಡಬ್ಬಿಗಳು ಗೋಡೆಯ ಗೂಡಿನಲ್ಲಿದ್ದವು. ಆದರೆ ಮುದ್ದೆ ತಿರುವುವ ಕೋಲು, ಈಳಿಗೆಮಣೆ, ಲಟ್ಟಿಸುವ ಮಣೆ, ಕಡಗೋಲು, ಹಿಟ್ಟು ನಾದುವ ಮರಿಗೆ ಎಲ್ಲವೂ ಮರದವೇ. ಇವುಗಳಲ್ಲಿ ಯಾವುದಕ್ಕೂ ಬಣ್ಣ ಬಳಿಯುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಆಹಾರ ತಾಗುವ ಕಡೆ ಬರಿಯ ಮರ, ಬಣ್ಣವೇನಿದ್ದರೂ ಗೋಡೆಗೆ, ಬಾಗಿಲಿಗೆ. ಹಿರಿಯರ ಈ ವಿಂಗಡಣೆ ಇಂದಿಗೂ ಸರಿಯಾದದ್ದೇ.

ನಿಜವಾದ ಮರದ ‘ಕಟ್ಟೆ’ಯನ್ನು ನೋಡಬೇಕಾದರೆ ಮಾಂಸದ ಅಂಗಡಿಗೆ ಹೋಗಬೇಕು. ಅಲ್ಲಿ ಕತ್ತಿಯ ಏಟು ತಿನ್ನುವ ದಪ್ಪ ಕೊರಡು ಬಹುಪಾಲು ಹುಣಸೆ ಮರದ್ದು. ಬಯಲುಸೀಮೆಯ ರಸ್ತೆ ಬದಿಯಲ್ಲೆಲ್ಲ ನಿಂತಿರುವ ಅದೇ ಹುಣಸೆ. ಕೊರಡನ್ನು ಮಲಗಿಸಿ ಇಡುವುದಿಲ್ಲ, ನಿಲ್ಲಿಸಿ ಇಡುತ್ತಾರೆ. ಯಾಕೆ? ಮರವೆಂದರೆ ಒಂದು ಕಟ್ಟು ಸಣ್ಣ ಕೊಳವೆಗಳು ಎಂದುಕೊಳ್ಳಿ. ನಿಲ್ಲಿಸಿದಾಗ ಕೊಳವೆಗಳ ಬಾಯಿ ಮೇಲಕ್ಕೆ ಬರುತ್ತದೆ. ಪೊರಕೆಯ ಕಡ್ಡಿಗಳ ತುದಿಯ ನಡುವೆ ಬೆರಳು ಹೋಗುವಂತೆ ಕತ್ತಿಯ ಅಲಗು ಎಳೆಗಳ ನಡುವೆ ಇಳಿಯುತ್ತದೆ. ಎಳೆಗಳು ಅಷ್ಟಾಗಿ ತುಂಡಾಗುವುದಿಲ್ಲ, ಅಲಗೂ ಬೇಗ ಮೊಂಡಾಗುವುದಿಲ್ಲ.

ಕೊಳವೆಗಳು ನೀರನ್ನು ಹೀರುತ್ತವೆ, ಹಾಗಾದರೆ ರೋಗಾಣುಗಳು ಒಳಗೆ ಮನೆ ಮಾಡುವುದಿಲ್ಲವೇ ಎಂದು ತಾಯಂದಿರು ಕೇಳುವುದು ಸಹಜ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರದ ಹಲಗೆಯ ಮೇಲೆ ಹಾಕಿದ ಬ್ಯಾಕ್ಟೀರಿಯಾಗಳು ಬೇಗನೆ ಒಳಕ್ಕೆ ಸೇರಿ, ಮೇಲ್ಮೈಯಲ್ಲಿ ಮತ್ತೆ ಸಿಗುವುದು ಕಷ್ಟವಾಯಿತು. ಕತ್ತಿಯ ಗೀರು ಬಿದ್ದ ಹಳೆಯ ಪ್ಲಾಸ್ಟಿಕ್ ಹಲಗೆಯನ್ನೋ ತೊಳೆದು ಶುದ್ಧ ಮಾಡುವುದೇ ಕಷ್ಟವಾಗಿತ್ತು. ಹಾಗೆಂದು ಮರವನ್ನು ತೊಳೆಯದೆ ಬಿಡಬಹುದೆಂದಲ್ಲ. ತೊಳೆದು ಒಣಗಿಸಬೇಕು, ಒಣಗಿಸುವುದೇ ಮುಖ್ಯ.

ಬಣ್ಣದ ಕಪಾಟು, ಮರದ ಕಟ್ಟೆ ಎಂಬ ಜೋಡಿಗೂ ಒಂದು ಪ್ರಸಿದ್ಧ ಚರಿತ್ರೆ ಇದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಅಷ್ಟೇ. ಅಂಥ ಸುಮಾರು 10,000 ಅಡುಗೆಮನೆಗಳು ತಯಾರಾದವು. ಕಪಾಟುಗಳಿಗೆ ನೀಲಿ ಹಸಿರು ಬಣ್ಣ. ನೀಲಿಯ ಮೇಲೆ ನೊಣ ಕೂರುವುದಿಲ್ಲ ಎಂಬುದು ಆಗಿನ ಎಣಿಕೆ. ಹೆಚ್ಚುವ, ಕೊಚ್ಚುವ ಜಾಗಕ್ಕೆ ಬೀಚ್ ಎಂಬ ಗಟ್ಟಿ ಮರ. ಹಿಟ್ಟಿನ ಡಬ್ಬಕ್ಕೆ ಓಕ್ ಮರ, ಅದರಲ್ಲಿರುವ ಟ್ಯಾನಿನ್ ಹಿಟ್ಟಿನ ಹುಳುವನ್ನು ದೂರವಿಡಲಿ ಎಂದು. ನೊಣದ ಲೆಕ್ಕ ಎಷ್ಟು ಸರಿಯೋ ಹೇಗೋ, ಪ್ರತಿ ಮರಕ್ಕೂ ಪ್ರತಿ ಬಣ್ಣಕ್ಕೂ ಆಕೆ ಒಂದು ಕಾರಣ ಹುಡುಕಿದ್ದರು ಎಂಬುದೇ ಮೆಚ್ಚತಕ್ಕ ಸಂಗತಿ.

ನೀಲಿ ಹಸಿರಿನ ಪಕ್ಕದಲ್ಲಿ ಮರ ಏಕೆ ಅಷ್ಟು ಚೆನ್ನಾಗಿ ಕಾಣುತ್ತದೆ? ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ. ಕಂಬಳಿ ಚಿತ್ರಪಟ ನೇಯುವ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ಆತ, ಅಕ್ಕಪಕ್ಕದ ಎರಡು ಬಣ್ಣಗಳು ಕಣ್ಣಿಗೆ ಒಂದನ್ನೊಂದು ಬದಲಿಸುತ್ತವೆ ಎಂದು ತೋರಿಸಿದ. ಮರದ ಬಣ್ಣ ಹಳದಿ ಮತ್ತು ಕಿತ್ತಳೆಯ ಕಡೆಯದು. ಅದರ ಎದುರಾಳಿ ನೀಲಿ. ಎದುರಾಳಿಗಳು ಪಕ್ಕಪಕ್ಕ ಕುಳಿತರೆ ಎರಡೂ ಹೆಚ್ಚು ಎದ್ದು ಕಾಣುತ್ತವೆ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವ ಅಭ್ಯಾಸದಲ್ಲೂ ಇದೇ ಎದುರಾಳಿತನ ಕೆಲಸ ಮಾಡುತ್ತದೆ, ಆದರೆ ಬೇರೆ ರೀತಿಯಲ್ಲಿ: ಅಲ್ಲಿ ಪಕ್ಕದಲ್ಲಿಡುವುದಿಲ್ಲ, ಬೆರೆಸುತ್ತಾರೆ. ಆದ್ದರಿಂದ ಸುಣ್ಣದ ಹಳದಿ ಛಾಯೆ ಅಡಗಿ ಗೋಡೆ ಬೆಳ್ಳಗೆ ಕಾಣುತ್ತದೆ. ಕಂದು, ಕೆಂಪು ಕಪಾಟಿನ ಜೊತೆ ಮರ ಮಂಕಾಗುವುದೂ ಇದೇ ಕಾರಣದಿಂದ. ಬಣ್ಣ ಆರಿಸುವ ಮೊದಲು ಒಂದು ತುಂಡು ಹಲಗೆಗೆ ಬಳಿದು, ಹಗಲಿನಲ್ಲೊಮ್ಮೆ, ರಾತ್ರಿ ಮನೆಯ ದೀಪದಲ್ಲೊಮ್ಮೆ ಮರದ ಪಕ್ಕ ಇಟ್ಟು ನೋಡಬೇಕು. ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ.

ಬಣ್ಣದ ವಿಷಯದಲ್ಲಿ ಅಂದಕ್ಕಿಂತ ದೊಡ್ಡ ಮಾತು ಸೀಸದ್ದು. ಹೊಳೆಯುವ ಹಳದಿ, ಕಿತ್ತಳೆ, ಹಸಿರು ಎನಾಮೆಲ್‌ಗಳಿಗೆ ಸೀಸದ ಸಂಯುಕ್ತಗಳನ್ನು ಬಹುಕಾಲ ಬಳಸಲಾಗಿತ್ತು. ಸೀಸ ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟು ಸೀಸ ಸುರಕ್ಷಿತ ಎನ್ನುವ ಮಟ್ಟ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನಲ್ಲಿ 1999ರಲ್ಲಿ ಇದರ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೇ ನಡೆದಿತ್ತು. ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂದು ವಿಧಿಸಿತು; ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಡಬ್ಬಿಯ ಮೇಲೆ ಸೀಸದ ಪ್ರಮಾಣದ ಬಗ್ಗೆ ಏನು ಬರೆದಿದೆ ಎಂದು ಓದಿಯೇ ಕೊಳ್ಳಬೇಕು. ಇನ್ನೂ ಎಚ್ಚರ ಬೇಕಾದ್ದು ಹಳೆಯ ಬಾಗಿಲನ್ನು ಉಜ್ಜಿ ಕಪಾಟಿಗೆ ಬಳಸುವಾಗ. ಒಣ ಉಪ್ಪು ಕಾಗದದಲ್ಲಿ ಉಜ್ಜಿದರೆ ಏಳುವ ಧೂಳು ಮನೆಯಲ್ಲೆಲ್ಲ ಹರಡುತ್ತದೆ. ನೀರು ಹಾಕಿ ಉಜ್ಜಬೇಕು, ಆ ಹೊತ್ತಿಗೆ ಮಕ್ಕಳೂ ಬಸುರಿಯರೂ ಹತ್ತಿರ ಇರಬಾರದು.

ಇನ್ನು ಕಟ್ಟೆಯ ಮರ. ಹಣ ಹೋಗುವುದು ಹೆಚ್ಚಾಗಿ ಇಲ್ಲೇ. ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ಆರ್ದ್ರತೆ ಶೇ 80 ಇರುವ ಕಡೆ ಮರದಲ್ಲಿ ಸುಮಾರು ಶೇ 15 ತೇವ ನಿಲ್ಲುತ್ತದೆ. ಶೇ 40 ಇರುವ ಕಡೆ ಸುಮಾರು ಶೇ 8. ಮಲೆನಾಡಿನ ಮಳೆಗಾಲದಲ್ಲಿ ಕೊಯ್ದ ಹಲಗೆ ಬೇಸಿಗೆಯಲ್ಲಿ ಧರ್ಮಪುರಕ್ಕೆ ಬಂದರೆ ಆಗುವುದೇನು? ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ತೇವ ಶೇ 1 ಇಳಿದರೆ ಹಲಗೆ ಅಗಲದಲ್ಲಿ ಸುಮಾರು ಶೇ 0.2 ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಕಟ್ಟೆಯ ಅಗಲ 60 ಸೆಂಟಿಮೀಟರ್, ತೇವ ಇಳಿದದ್ದು ಶೇ 7. ಗುಣಿಸಿದರೆ 0.84 ಸೆಂಟಿಮೀಟರ್, ಅಂದರೆ 8 ಮಿಲಿಮೀಟರಿಗೂ ಹೆಚ್ಚು! ಉದ್ದದಲ್ಲಿ ಮಾತ್ರ ಇದು ಲೆಕ್ಕಕ್ಕೇ ಬಾರದಷ್ಟು ಕಡಿಮೆ, ಏಕೆಂದರೆ ಕೊಳವೆಗಳು ದಪ್ಪದಲ್ಲಿ ಕುಗ್ಗುತ್ತವೆಯೇ ಹೊರತು ಉದ್ದದಲ್ಲಿ ಅಲ್ಲ. ಹಲಗೆಯನ್ನು ನಾಲ್ಕೂ ಕಡೆ ಮೊಳೆ ಹೊಡೆದು ಬಿಗಿದರೆ ಅದು ಸೀಳದೆ ಬೇರೆ ದಾರಿಯಿಲ್ಲ. ತಿಳಿದ ಬಡಗಿ ಕೆಳಗಿನ ಪಟ್ಟಿಯಲ್ಲಿ ತಿರುಪಿನ ತೂತನ್ನು ಅಗಲದ ದಿಕ್ಕಿಗೆ ಉದ್ದವಾಗಿ ಕೊರೆಯುತ್ತಾನೆ. ಮರ ಹಿಗ್ಗಲಿ, ಕುಗ್ಗಲಿ, ತಿರುಪು ಅದರೊಂದಿಗೆ ಜಾರುತ್ತದೆ.

ಹಲಗೆ ಒಣಗಿದೆಯೇ ಎಂದು ತಿಳಿಯಲು ಒಂದು ತುಂಡನ್ನು ಕತ್ತರಿಸಿ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮನೆಯೊಳಗೆ ನೆರಳಲ್ಲಿಟ್ಟು ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಆ ತುಂಡು ಊರಿನ ಹವೆಗೆ ಹೊಂದಿಕೊಂಡಿತು. ಹಲಗೆ ದಪ್ಪವಾದಷ್ಟೂ ಹೆಚ್ಚು ದಿನ ಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಮರ ಕಾಯುವುದಿಲ್ಲ, ಮರಕ್ಕೆ ಜನ ಕಾಯಬೇಕು.

ಯಾವ ಮರ? ತೇಗ ನಂಬಿಕಸ್ತ, ಆದರೆ ದುಬಾರಿ. ಹಲಸು ಕೊಯ್ದಾಗ ಹಳದಿ, ಬರಬರುತ್ತ ಕಂದಾಗುತ್ತದೆ. ಇಂದಿನ ಬಣ್ಣ ನೋಡಿ ಕಪಾಟಿನ ಶೇಡ್ ಆರಿಸಿದರೆ ಎರಡು ವರ್ಷಕ್ಕೆ ಜೋಡಿ ತಪ್ಪುತ್ತದೆ. ಹುಣಸೆಯ ಬಿಳಿ ಭಾಗಕ್ಕೆ ಹುಳು ಬೀಳುವ ಭಯವಿದೆ.

ಮರದ ಮೇಲೆ ಏನು ಹಚ್ಚಬೇಕೆಂಬುದರಲ್ಲಿ ಧರ್ಮಪುರದ ಕಡೆ ಎಡವುವ ಸಂಭವ ಹೆಚ್ಚು. ಶೇಂಗಾ ಬೆಳೆಯುವ ಸೀಮೆ, ಮನೆಯಲ್ಲಿ ಎಣ್ಣೆ ಇದೆ, ಹಚ್ಚಿಬಿಡೋಣ ಅನ್ನಿಸುತ್ತದೆ. ಶೇಂಗಾ ಎಣ್ಣೆ ಒಣಗುವುದಿಲ್ಲ. ಅಂಟಾಗಿ ಉಳಿದು, ಧೂಳು ಹಿಡಿದು, ಕೊನೆಗೆ ಕಮಟು ವಾಸನೆ ಹೊಡೆಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ. ವ್ಯತ್ಯಾಸ ಅಣುಗಳಲ್ಲಿರುವ ದ್ವಿಬಂಧಗಳದ್ದು. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿಯುತ್ತದೆ ಎಂಬುದೇ ಅದರ ಅಳತೆ: ಅಗಸೆಗೆ 170ರ ಮೇಲೆ, ಶೇಂಗಾಕ್ಕೆ 100ರ ಆಸುಪಾಸು, ಕೊಬ್ಬರಿ ಎಣ್ಣೆಗೆ 10ರ ಸುತ್ತ. ಆದರೆ ಅಂಗಡಿಯಲ್ಲಿ ಸಿಗುವ ‘ಬಾಯ್ಲ್ಡ್’ ಅಗಸೆ ಎಣ್ಣೆಗೆ ಲೋಹದ ಲವಣ ಬೆರೆಸಿರುತ್ತಾರೆ, ಆಹಾರ ತಾಗುವ ಕಟ್ಟೆಗೆ ಅದು ಬೇಡ. ಹಸಿ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ವಾರಗಟ್ಟಲೆ ಒಣಗಲು ಬಿಡಬೇಕು.

ನಲ್ಲಿಯ ಸುತ್ತ ಮಾತ್ರ ಮರದ ಹಂಬಲ ಬಿಡುವುದು ಲೇಸು. ತೇವ ಶೇ 20 ಮೀರಿ ನಿಂತ ಕಡೆ ಶಿಲೀಂಧ್ರ ಹಿಡಿಯುತ್ತದೆ. ಅಲ್ಲಿಗೆ ಗ್ರಾನೈಟ್ ಚಪ್ಪಡಿ ಸರಿ. ಆಂಧ್ರದ ಗಡಿ ಹತ್ತಿರವಿರುವುದರಿಂದ ಕಡಪ ಕಲ್ಲೂ ನೆನಪಾಗುತ್ತದೆ, ಆದರೆ ಅದು ಸುಣ್ಣದ ಕಲ್ಲಿನ ಜಾತಿ. ನಿಂಬೆರಸ ಬಿದ್ದು ಹಾಗೇ ಉಳಿದರೆ ಹೊಳಪು ಹೋಗುತ್ತದೆ. ಒಲೆಗೂ ನಲ್ಲಿಗೂ ನಡುವೆ, ತರಕಾರಿ ಹೆಚ್ಚುವ, ಚಪಾತಿ ಲಟ್ಟಿಸುವ ಮೂರು ಅಡಿ ಜಾಗಕ್ಕೆ ಮರ ಹಾಕಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ಅರಿಶಿನದ ಕಲೆ ಬಿದ್ದರೆ ಸೋಪು ಹಾಕಿ ಗಾಬರಿಯಾಗಬೇಡಿ, ಅದು ಕೆಂಪಾಗುವುದು ಕ್ಷಾರದ ಗುಣದಿಂದ. ಕಿಟಕಿಯ ಬಿಸಿಲು ಬೀಳುವ ಕಡೆ ಆ ಹಳದಿ ತಾನಾಗಿ ಮಾಸುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು. ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಮುದುಡಿದ ಬಟ್ಟೆಯೊಳಗೆ ಸೇರಿ ಬೆಂಕಿಯೇ ಹತ್ತಬಹುದು. ಅದನ್ನು ಹೊರಗೆ ಹಗ್ಗದ ಮೇಲೆ ಒಂಟಿಯಾಗಿ ಹರಡಿ, ಪೂರ್ತಿ ಒಣಗಿ ಗಡುಸಾದ ಮೇಲೆ ಬಿಸಾಡಬೇಕು.