ಮನೆಯ ಕಾವಲೂ ಮನೆಯ ಗುಟ್ಟೂ

ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೆಯ ಓಣಿಗಳಲ್ಲಿ ಮನೆ ಮತ್ತು ಅಂಗಡಿ ಎಷ್ಟೋ ಕಡೆ ಒಂದೇ ಸೂರಿನ ಕೆಳಗಿರುತ್ತವೆ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ ಕಂಪ್ಯೂಟರು ಒಂದೇ ಆದರೂ ಅದರ ಕೆಲಸ ಹಲವು. ಹಗಲು ಅದರಲ್ಲಿ ಅಂಗಡಿಯ ಲೆಕ್ಕ, ತೆರಿಗೆಯ ಬಿಲ್ಲು. ಸಂಜೆ ಮಗಳ ಕಾಲೇಜಿನ ಅಭ್ಯಾಸ. ರಾತ್ರಿ ಮನೆಯ ಹಿರಿಯರ ರಕ್ತಪರೀಕ್ಷೆಯ ವರದಿಯನ್ನು ತೆರೆದು, ಅದರಲ್ಲಿಯ ತಿಳಿಯದ ಶಬ್ದಕ್ಕೆ ಅರ್ಥ ಹುಡುಕುವುದು. ಹಿಂದೆ ತಿಜೋರಿಯಲ್ಲಿ, ಕಾಗದದ ಪೆಟ್ಟಿಗೆಯಲ್ಲಿ, ಮನಸ್ಸಿನಲ್ಲಿ ಬೇರೆ ಬೇರೆಯಾಗಿ ಇರುತ್ತಿದ್ದ ಸಂಗತಿಗಳೆಲ್ಲ ಈಗ ಒಂದೇ ಯಂತ್ರದೊಳಗೆ ಬಂದು ಸೇರಿವೆ. ಅದಕ್ಕೊಂದು ಕಾವಲು ಬೇಕೆಂಬುದರಲ್ಲಿ ಸಂಶಯವಿಲ್ಲ. ಆ ಕಾವಲಿಗೆ ಆಂಟಿವೈರಸ್ ಎಂದು ಹೆಸರು.

ಕಾವಲುಗಾರನನ್ನು ನೇಮಿಸುವಾಗ ಜಾಣರು ಎರಡು ಪ್ರಶ್ನೆ ಕೇಳುತ್ತಾರೆ. ಇವನು ಕಳ್ಳನನ್ನು ಹಿಡಿಯಬಲ್ಲನೆ? ಮನೆಯ ಮಾತನ್ನು ಹೊರಗೆ ಒಯ್ಯದೆ ಇರಬಲ್ಲನೆ? ಆಂಟಿವೈರಸ್ ಕೊಳ್ಳುವಾಗ ನಾವು ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಯನ್ನು ಮಾತ್ರ ಕೇಳುತ್ತೇವೆ. ಅಂಗಡಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

“ಯಾವುದು ಹಾಕ್ಲಿರೀ ಕಾಕಾ? ರೊಕ್ಕದ್ದೋ, ಪುಕ್ಕಟೆದ್ದೋ?”

“ಕೆಲಸ ಎರಡೂ ಒಂದ ಮಾಡತಾವ ಹೌದಲ್ಲೋ ತಮ್ಮಾ? ಪುಕ್ಕಟೆದ್ದ ಹಾಕು.”

ಕಾಕಾ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಪುಕ್ಕಟೆಯದೂ ಕಳ್ಳನನ್ನು ಚೆನ್ನಾಗಿಯೇ ಹಿಡಿಯಬಹುದು. ಆದರೆ ಪುಕ್ಕಟೆ ದುಡಿಯುವ ಕಾವಲುಗಾರನ ಹೊಟ್ಟೆ ಹೇಗೆ ತುಂಬುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕಾಗಿತ್ತು. ಆ ಪ್ರಶ್ನೆಗೆ ಉತ್ತರ ತಿಳಿಯಲು ಈ ಕಾವಲು ಹೇಗೆ ನಡೆಯುತ್ತದೆಂಬುದನ್ನು ಮೊದಲು ನೋಡಬೇಕು.

ಕಂಪ್ಯೂಟರಿನ ವೈರಸ್ ಎಂದರೆ ಕೇಡು ಮಾಡಲೆಂದು, ಅಥವಾ ತನ್ನನ್ನು ತಾನೇ ಹಬ್ಬಿಸಿಕೊಳ್ಳಲೆಂದು ಬರೆದ ಆಜ್ಞೆಗಳ ಒಂದು ಕಟ್ಟು. ಇಂದಿನ ಮನೆಯ ಕಂಪ್ಯೂಟರುಗಳ ಪೂರ್ವಜವಾದ ಐಬಿಎಂ ಮಾದರಿಯ ಯಂತ್ರಗಳಲ್ಲಿ ಹಬ್ಬಿದ ಮೊದಲನೆಯ ವೈರಸ್ಸು 1986ರ ‘ಬ್ರೇನ್’. ಅದನ್ನು ಬರೆದವರು ಲಾಹೋರಿನ ಇಬ್ಬರು ಸೋದರರು. ಮದ್ದು ಸಿದ್ಧವಾದದ್ದೂ ನಮ್ಮ ನೆರೆಯಲ್ಲಿಯೇ. ಹುಬ್ಬಳ್ಳಿಯಿಂದ ಹೆದ್ದಾರಿ ಹಿಡಿದರೆ ಸಿಗುವ ಪುಣೆಯಲ್ಲಿ ಕೈಲಾಸ ಕಾಟ್ಕರ್ ಎಂಬವರು ಯಂತ್ರಗಳ ದುರಸ್ತಿಯ ಅಂಗಡಿ ನಡೆಸುತ್ತಿದ್ದರು. ದುರಸ್ತಿಗೆ ಬಂದ ಕಂಪ್ಯೂಟರುಗಳ ವೈರಸ್ಸನ್ನು ತೆಗೆಯಲು ಅವರ ತಮ್ಮ ಸಂಜಯ ಬರೆದ ಉಪಾಯಗಳು 1990ರ ದಶಕದಲ್ಲಿ ‘ಕ್ವಿಕ್ ಹೀಲ್’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದವು.

ಅಂದಿನ ಕಾವಲಿನ ರೀತಿ ಸರಳವಾಗಿತ್ತು. ಪೊಲೀಸರ ಬಳಿ ಹಳೆಯ ಕಳ್ಳರ ಬೆರಳಚ್ಚುಗಳಿರುವಂತೆ, ಪ್ರತಿಯೊಂದು ವೈರಸ್ಸಿನ ಗುರುತಿನ ಪಟ್ಟಿಯೊಂದು ಆಂಟಿವೈರಸ್ಸಿನ ಬಳಿ ಇರುತ್ತಿತ್ತು. ಯಂತ್ರದೊಳಗಿನ ಕಡತಗಳನ್ನು ಆ ಪಟ್ಟಿಗೆ ಹಿಡಿದು ನೋಡುವುದೇ ಅದರ ಕೆಲಸ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಪಟ್ಟಿಯು ಹೊರಗಿನಿಂದ ಮನೆಗೆ ಬರುತ್ತಿತ್ತು. ಮನೆಯಿಂದ ಏನೂ ಹೊರಗೆ ಹೋಗಬೇಕಾಗಿರಲಿಲ್ಲ. ಮುಂದೆ ಕಳ್ಳರು ದಿನಕ್ಕೊಂದು ವೇಷ ಹಾಕತೊಡಗಿದಾಗ ಪಟ್ಟಿಯೊಂದೇ ಸಾಲದಾಯಿತು. ಆಗ ಕಡತದ ಮುಖವನ್ನಷ್ಟೇ ಅಲ್ಲದೆ ಅದರ ನಡತೆಯನ್ನೂ ನೋಡುವ ರೂಢಿ ಬಂದಿತು. ಹೊಸದಾಗಿ ಬಂದ ಯಾವುದೋ ಒಂದು ಪ್ರೋಗ್ರಾಮು ಲೆಕ್ಕದ ಕಡತಗಳನ್ನೆಲ್ಲ ಒಂದೊಂದಾಗಿ ಬೀಗ ಹಾಕುತ್ತಾ ಹೋದರೆ, ಅದರ ಹೆಸರು ತಿಳಿಯದಿದ್ದರೂ ಅದನ್ನು ತಡೆದು ನಿಲ್ಲಿಸಬಹುದು. ಈ ಕೆಲಸವೂ ಬಹುಮಟ್ಟಿಗೆ ಯಂತ್ರದೊಳಗೆಯೇ ನಡೆಯುತ್ತದೆ.

ಮೂರನೆಯ ರೀತಿಯಿಂದ ತೊಡಕು ಆರಂಭವಾಗುತ್ತದೆ. ಸಂಶಯದ ಕಡತ ಕಂಡಾಗ ಆಂಟಿವೈರಸ್ಸು ತನ್ನ ಕಂಪನಿಯ ದೂರದ ಯಂತ್ರಕ್ಕೆ “ಇದನ್ನು ಬಲ್ಲಿರಾ?” ಎಂದು ಕೇಳಿ ಕಳುಹಿಸುತ್ತದೆ. ಕೆಲವು ಸಲ ಕಡತದ ಬೆರಳಚ್ಚನ್ನು ಮಾತ್ರ ಕಳುಹಿಸುತ್ತದೆ. ಕೆಲವು ಸಲ ಇಡೀ ಕಡತವನ್ನೇ ಕಳುಹಿಸುತ್ತದೆ. ಇದರಿಂದ ಲಾಭ ದೊಡ್ಡದು. ಬೆಳಿಗ್ಗೆ ಬೇರೊಂದು ದೇಶದಲ್ಲಿ ಕಂಡ ಹೊಸ ವೈರಸ್ಸಿನ ಸುದ್ದಿ ಮಧ್ಯಾಹ್ನದೊಳಗೆ ನಮ್ಮ ಯಂತ್ರಕ್ಕೆ ಮುಟ್ಟುತ್ತದೆ. ಆದರೆ ಕಳುಹಿಸಿದ ಕಡತವು ನಮ್ಮ ಲೆಕ್ಕದ ಪುಸ್ತಕವೇ ಆಗಿದ್ದರೆ?

ನಾಲ್ಕನೆಯದು ಜಾಲತಾಣಗಳ ತಪಾಸಣೆ. ನಾವು ತೆರೆಯುವ ಪ್ರತಿಯೊಂದು ಪುಟದ ವಿಳಾಸವನ್ನು ನೋಡಿ, ಅದು ಮೋಸದ ಪುಟವಾಗಿದ್ದರೆ ಆಂಟಿವೈರಸ್ಸು ತಡೆಯುತ್ತದೆ. ಬ್ಯಾಂಕಿನ ಹೆಸರಿನಲ್ಲಿ ಬರುವ ಸುಳ್ಳು ಪುಟಗಳಿಂದ ಇದು ಎಷ್ಟೋ ಜನರನ್ನು ಉಳಿಸಿದೆ. ಆದರೆ ಪ್ರತಿಯೊಂದು ವಿಳಾಸವನ್ನೂ ಕಂಪನಿಗೆ ಕಳುಹಿಸಿ ಕೇಳುವ ಕ್ರಮವಿದ್ದರೆ, ಮನೆಯವರು ಏನು ಓದಿದರು, ಯಾವ ಕಾಯಿಲೆಯನ್ನು ಹುಡುಕಿದರು, ಯಾವ ಸಾಲಕ್ಕೆ ಬಡ್ಡಿ ಎಷ್ಟೆಂದು ವಿಚಾರಿಸಿದರು ಎಂಬುದೆಲ್ಲ ಕಾವಲುಗಾರನ ವಹಿಯಲ್ಲಿ ಸಾಲುಸಾಲಾಗಿ ಬರೆದಂತಾಗುತ್ತದೆ. ಕೆಲವು ಆಂಟಿವೈರಸ್ಸುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ಯಾಂಕಿಗೂ ನಮಗೂ ನಡುವೆ ಗುಪ್ತಲಿಪಿಯಲ್ಲಿ ಹೋಗುವ ಸಂದೇಶವನ್ನು ದಾರಿಯಲ್ಲಿ ಬಿಚ್ಚಿ ನೋಡಿ ಮತ್ತೆ ಮುಚ್ಚುತ್ತವೆ. ಮೊಹರು ಮಾಡಿದ ಲಕೋಟೆಯನ್ನು ಅಂಚೆಯವನು ಒಡೆದು ನೋಡಿ, ಮತ್ತೆ ಅಂಟಿಸಿ ಕೊಟ್ಟಂತೆ ಇದು. ಉದ್ದೇಶ ಒಳ್ಳೆಯದಿರಬಹುದು, ಲಕೋಟೆ ಒಡೆದದ್ದು ಮಾತ್ರ ನಿಜ.

ಈ ಭಯ ಕೇವಲ ಕಲ್ಪನೆಯಲ್ಲ. ‘ಅವಾಸ್ಟ್’ ಎಂಬುದು ಚೆಕ್ ದೇಶದ ಪ್ರಾಗ್ ನಗರದಲ್ಲಿ ಬೆಳೆದ ಆಂಟಿವೈರಸ್ ಕಂಪನಿ. ಅದರ ಪುಕ್ಕಟೆ ಆವೃತ್ತಿಯು ಜಗತ್ತಿನ ಕೋಟ್ಯಂತರ ಯಂತ್ರಗಳಲ್ಲಿತ್ತು. ನಮ್ಮ ದೇಶದಲ್ಲಿಯೂ ಬಹಳ ಬಳಕೆಯಲ್ಲಿತ್ತು. 2019ರ ಅಕ್ಟೋಬರಿನಲ್ಲಿ ವ್ಲಾದಿಮಿರ್ ಪಲಾಂಟ್ ಎಂಬ ಸಂಶೋಧಕರು, ಈ ಕಂಪನಿ ಬ್ರೌಸರಿಗೆ ಸೇರಿಸುತ್ತಿದ್ದ ಉಪಕರಣವು ಬಳಕೆದಾರರು ನೋಡಿದ ಪುಟಗಳ ವಿವರವನ್ನು ತಪಾಸಣೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಒಯ್ಯುತ್ತಿದೆಯೆಂದು ತೋರಿಸಿದರು. 2020ರ ಜನವರಿಯಲ್ಲಿ ಅಮೆರಿಕದ ಎರಡು ಪತ್ರಿಕೆಗಳು ಮುಂದಿನ ಸಂಗತಿಯನ್ನು ಬಯಲಿಗೆ ತಂದವು. ಹೀಗೆ ಕೂಡಿಹಾಕಿದ ವಿವರವನ್ನು ‘ಜಂಪ್‌ಶಾಟ್’ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಕಂಪನಿಯು ಮಾರುತ್ತಿತ್ತು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಜಂಪ್‌ಶಾಟನ್ನು ಮುಚ್ಚಲಾಯಿತು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿ 2024ರ ಫೆಬ್ರವರಿಯಲ್ಲಿ ಹೊರಿಸಿದ ಆರೋಪದಂತೆ, 2014ರಿಂದ 2020ರವರೆಗೆ ಈ ವಿವರ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಮಾರಾಟವಾಗಿತ್ತು. ಕಂಪನಿಯು 1 ಕೋಟಿ 65 ಲಕ್ಷ ಡಾಲರು ತೆರಬೇಕಾಯಿತು. ಜಾಹೀರಾತಿಗಾಗಿ ಇಂಥ ವಿವರವನ್ನು ಮಾರಕೂಡದೆಂಬ ನಿಷೇಧವೂ ಬಂದಿತು. ಅದೇ ವರ್ಷ ಏಪ್ರಿಲಿನಲ್ಲಿ ಚೆಕ್ ದೇಶದ ಅಧಿಕಾರಿಗಳು 35 ಕೋಟಿ 10 ಲಕ್ಷ ಕೊರುನಾ ದಂಡ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗುವುದು ಕಷ್ಟ.

“ಹೆಸರು ತೆಗೆದೇ ಮಾರಿದ್ದೇವೆ” ಎಂಬುದು ಇಂಥ ವ್ಯಾಪಾರದವರ ಸಮಾಧಾನ. ಅದರ ಬೆಲೆ ಎಷ್ಟೆಂದು ನಮ್ಮ ಓಣಿಯಲ್ಲಿಯೇ ನೋಡಬಹುದು. ಒಂದು ಯಂತ್ರಕ್ಕೆ ಹೆಸರಿನ ಬದಲು ಒಂದು ಸಂಖ್ಯೆ ಕೊಟ್ಟರೆನ್ನಿ. ಆ ಸಂಖ್ಯೆಯವರು ಬೆಳಿಗ್ಗೆ ಒಂದು ಅಂಗಡಿಯ ತೆರಿಗೆ ಲೆಕ್ಕದ ಪುಟ ತೆರೆದರು. ಸಂಜೆ ಇಂಥ ಕಾಲೇಜಿನ ಫಲಿತಾಂಶ ನೋಡಿದರು. ರಾತ್ರಿ ಹನ್ನೊಂದಕ್ಕೆ ಮೂತ್ರಪಿಂಡದ ಕಾಯಿಲೆಯ ಬಗ್ಗೆ ಓದಿದರು. ಕಮರಿಪೇಟೆಯಲ್ಲಿ ಹುಟ್ಟಿ ಬೆಳೆದ ಯಾರಾದರೂ ಈ ಮೂರು ಸಾಲು ಓದಿ, ಇದು ಯಾರ ಮನೆಯೆಂದು ಹೇಳಲಾರರೇ? ಇಂಥ ಗುಟ್ಟು ಹೊರಬಿದ್ದರೆ ಹಣದ ನಷ್ಟವಾಗಲೇಬೇಕೆಂದಿಲ್ಲ. ಆದರೆ ಮದುವೆಯ ಮಾತುಕತೆ, ವ್ಯಾಪಾರದ ಉದ್ದರಿ, ಮನೆಯ ಮರ್ಯಾದೆ ಇವೆಲ್ಲ ಅದರ ಮೇಲೆ ನಿಂತಿರುತ್ತವೆ.

ಕಾವಲುಗಾರನು ಯಾರ ಆಜ್ಞೆಗೆ ಒಳಪಟ್ಟವನೆಂಬುದೂ ಒಂದು ಪ್ರಶ್ನೆಯೇ. ರಷ್ಯದ ಕ್ಯಾಸ್ಪರ್‌ಸ್ಕಿ ಕಂಪನಿಯ ಆಂಟಿವೈರಸ್ಸನ್ನು ಮಾರಕೂಡದೆಂದು 2024ರ ಜೂನಿನಲ್ಲಿ ಅಮೆರಿಕವು ಆಜ್ಞೆ ಮಾಡಿತು. ಆ ದೇಶದ ಸರ್ಕಾರವು ಕಂಪನಿಯ ಮೇಲೆ ಒತ್ತಡ ತರಬಹುದೆಂಬುದು ಅಮೆರಿಕದ ವಾದ. ಕಂಪನಿಯು ಅದನ್ನು ಅಲ್ಲಗಳೆಯಿತು. ಯಾರ ವಾದ ಸರಿಯೆಂಬುದು ಹಾಗಿರಲಿ. ಆಂಟಿವೈರಸ್ಸಿಗೆ ಯಂತ್ರದ ಎಲ್ಲ ಕೋಣೆಗಳ ಬೀಗದ ಕೈಯನ್ನೂ ಕೊಟ್ಟಿರುತ್ತೇವೆಂಬುದನ್ನು ಈ ವ್ಯಾಜ್ಯವು ನೆನಪಿಗೆ ತರುತ್ತದೆ.

ಹಾಗೆಂದು ಕಾವಲನ್ನೇ ಬಿಟ್ಟುಬಿಡುವುದು ವಿವೇಕವಲ್ಲ. 2017ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಸುಮಾರು 150 ದೇಶಗಳಲ್ಲಿ ಹಬ್ಬಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆಸ್ಪತ್ರೆಗಳ ಕೆಲಸವೂ ನಿಂತಿತು. ಇದರಲ್ಲಿ ಮತ್ತೊಂದು ಪಾಠವಿದೆ. ಆ ಪಿಡುಗು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಕಂಪನಿಯು ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ, ಪ್ರಕಟಿಸಿತ್ತು. ತಿದ್ದುಪಡಿ ಹಾಕಿಕೊಂಡಿದ್ದ ಯಂತ್ರಗಳು ಆ ಬಿರುಕಿನಿಂದ ಪಾರಾದವು. ಗೋಡೆ ಬಿರುಕು ಬಿಟ್ಟಿದ್ದರೆ ಕಾವಲುಗಾರನೊಬ್ಬನಿಂದ ಏನಾದೀತು? ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರವಿರುವವರು ಈ ಮಾತನ್ನು ಮೊದಲು ಯೋಚಿಸಬೇಕು.

ಇನ್ನು ತೂಗಿ ನೋಡುವ ಬಗೆ. ಒಂದೊಂದು ಸೌಕರ್ಯದ ಎದುರಿಗೂ ಒಂದೇ ಪ್ರಶ್ನೆ ಇಡಬಹುದು: ಇದು ಮನೆಯೊಳಗೆ ನೋಡುತ್ತದೆಯೋ, ಮನೆಯಿಂದ ಹೊರಗೆ ಒಯ್ಯುತ್ತದೆಯೋ? ಒಯ್ಯುವುದಾದರೆ, ಒಯ್ಯದೆ ಆ ಕೆಲಸ ನಡೆಯದೇ?

ಗುರುತಿನ ಪಟ್ಟಿ ಮತ್ತು ನಡತೆಯ ಪರೀಕ್ಷೆ, ಇವೆರಡನ್ನೂ ಯಾವಾಗಲೂ ಜಾರಿಯಲ್ಲಿಡಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಯಂತ್ರದ ಜೊತೆಗೇ ‘ಡಿಫೆಂಡರ್’ ಎಂಬ ಆಂಟಿವೈರಸ್ಸು ಬರುತ್ತದೆ; ಸಾಮಾನ್ಯ ಮನೆಗೆ ಅದು ಸಾಕಾಗಬಹುದು. ದೂರದ ಯಂತ್ರವನ್ನು ಕೇಳುವ ಏರ್ಪಾಡನ್ನು ತೆಗೆದುಹಾಕಿದರೆ ಹೊಸ ವೈರಸ್ಸಿನ ಎದುರು ಕಾವಲು ಕುಂದುತ್ತದೆ. ಆದ್ದರಿಂದ ಅದು ಇರಲಿ. ಆದರೆ ಕಡತದ ಮಾದರಿಯನ್ನು ತಾನಾಗಿ ಕಳುಹಿಸುವುದನ್ನು ತಡೆದು, ಪ್ರತಿ ಸಲವೂ ನಮ್ಮನ್ನು ಕೇಳುವಂತೆ ಮಾಡಲು ಅನುವಿದ್ದರೆ ಹಾಗೆ ಮಾಡಬಹುದು. ಗಿರಾಕಿಗಳ ವಿವರ ಇಟ್ಟಿರುವ ಅಂಗಡಿಗೆ ಇದು ಅಗತ್ಯ.

ಮೋಸದ ಪುಟಗಳನ್ನು ತಡೆಯಲು ಆಂಟಿವೈರಸ್ಸಿನ ಬೇರೆ ಉಪಕರಣವೇ ಬೇಕೆಂದಿಲ್ಲ. ಕ್ರೋಮ್ ಮೊದಲಾದ ಬ್ರೌಸರುಗಳಲ್ಲಿಯೇ ಆ ತಪಾಸಣೆ ಇದೆ. ಅದರ ಸಾಮಾನ್ಯ ಕ್ರಮದಲ್ಲಿ ಪುಟದ ವಿಳಾಸವನ್ನು ಪೂರ್ತಿಯಾಗಿ ಹೇಳದೆ, ಅದರ ಬೆರಳಚ್ಚಿನ ಒಂದು ತುಣುಕನ್ನು ಮಾತ್ರ ಕಳುಹಿಸಿ ವಿಚಾರಿಸುತ್ತಾರೆ. ಗುಟ್ಟು ಕೆಡದೆ ಕಾವಲು ನಡೆಯಬಹುದೆಂಬುದಕ್ಕೆ ಇದು ಸಾಕ್ಷಿ. ರಿಯಾಯಿತಿ ಚೀಟಿ ಹುಡುಕಿ ಕೊಡುವುದು, ಯಂತ್ರದ ಕಸ ಗುಡಿಸುವುದು ಮುಂತಾದ ಮೇಲುಸೌಕರ್ಯಗಳಿಗೂ ವೈರಸ್ಸಿಗೂ ಸಂಬಂಧವಿಲ್ಲ, ಅವುಗಳನ್ನು ಬೇಡವೆನ್ನಬಹುದು. ಎರಡು ಆಂಟಿವೈರಸ್ಸುಗಳನ್ನು ಒಟ್ಟಿಗೆ ಇಟ್ಟರೆ ಅವು ಒಂದನ್ನೊಂದು ಸಂಶಯಿಸಿ ಯಂತ್ರವನ್ನು ನಿಧಾನ ಮಾಡುತ್ತವೆ. ಲೆಕ್ಕದ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಅದನ್ನು ಯಂತ್ರದಿಂದ ಬಿಚ್ಚಿ ಕಪಾಟಿನಲ್ಲಿಡುವುದು ಯಾವ ಕಾವಲಿಗೂ ಕಡಿಮೆಯಲ್ಲ.

ಮೊಬೈಲಿನಲ್ಲಿ ಅಪಾಯದ ದಾರಿ ಬೇರೆ. ಮದುವೆಯ ಕರೆಯೋಲೆಯೆಂದೋ, ಸಂಚಾರ ದಂಡದ ಚೀಟಿಯೆಂದೋ ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತವನ್ನು ತೆರೆಯದಿರುವುದೇ ಅಲ್ಲಿಯ ಮೊದಲ ಕಾವಲು. ಆಂಟಿವೈರಸ್ಸೆಂದು ಹೇಳಿಕೊಂಡು ಬಂದ ಆ್ಯಪು ಪರದೆಯ ಮೇಲಿನದನ್ನೆಲ್ಲ ಓದುವ ಅನುಮತಿ ಕೇಳಿದರೆ, ಏತಕ್ಕೆಂದು ತಿಳಿಯದೆ ಕೊಡಬಾರದು. ಕೇಂದ್ರ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಸೋಂಕು ತೆಗೆಯುವ ಉಪಕರಣಗಳು ಪುಕ್ಕಟೆಯಾಗಿ ದೊರೆಯುತ್ತವೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕಾಯಿದೆಯ ಬಲವೂ ನಮಗೆ ಈಗ ಇದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕವು. ನಮ್ಮ ವಿವರವನ್ನು ಏತಕ್ಕೆ ಪಡೆಯುತ್ತಾರೆಂದು ತಿಳಿಯಾದ ಮಾತಿನಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕೆಂಬುದು ಅದರ ತಿರುಳು.

ಆದರೆ ಒಪ್ಪಿಗೆಯ ಗುಂಡಿಯನ್ನು ಒತ್ತುವ ಕೈ ನಮ್ಮದೇ. ಆಂಟಿವೈರಸ್ ಹಾಕಿಸುವ ದಿನ ಹತ್ತು ನಿಮಿಷ ಹೆಚ್ಚಿಗೆ ಕುಳಿತು, “ತಮ್ಮಾ, ಇದು ಏನೇನ ಹೊರಗ ಕಳಸತೈತಿ ತೋರ್ಸು, ಬ್ಯಾಡಾದ್ದನ್ನ ಬಂದ್ ಮಾಡು” ಎಂದು ಕೇಳುವುದಕ್ಕೆ ಯಾವ ವಿದ್ಯೆಯೂ ಬೇಕಾಗಿಲ್ಲ. ಹಾಗೆ ಕೇಳುವ ಗಿರಾಕಿಗಳು ಹೆಚ್ಚಿದರೆ, ಅಂಗಡಿಯವರೂ ಅದನ್ನು ಕೇಳದೆಯೇ ತೋರಿಸಿಕೊಡುವ ರೂಢಿ ಬಂದೀತು.