ಸಂಪಾದಕ ಮಂಡಳಿಯಲ್ಲಿ ಅಷ್ಟೊಂದು ಮೇಷ್ಟ್ರುಗಳೇಕೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಕನ್ನಡ, ವಾಣಿಜ್ಯ, ರಸಾಯನಶಾಸ್ತ್ರದ ಅಧ್ಯಾಪಕರು ಒಂದೇ ಬಹುಶಿಸ್ತೀಯ ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿದ್ದರೆ, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲದೆ ಲೇಖನ ಆರಿಸುವುದು ಹೇಗೆ?

ಎಲ್ಲರೂ ಎಲ್ಲವನ್ನೂ ಓದುವುದಿಲ್ಲ. ಬಂದ ಲೇಖನ ಪತ್ರಿಕೆಯ ವ್ಯಾಪ್ತಿಗೆ ಸೇರುತ್ತದೆಯೇ, ನಕಲೇನಾದರೂ ಇದೆಯೇ ಎಂದು ಮುಖ್ಯ ಸಂಪಾದಕರು ಮೊದಲು ನೋಡುತ್ತಾರೆ. ಅಲ್ಲಿ ಪಾಸಾದರೆ ಅದು ಆಯಾ ವಿಷಯದ ಸದಸ್ಯರ ಕೈಗೆ ಹೋಗುತ್ತದೆ. ಅವರ ಮುಖ್ಯ ಕೆಲಸ ತೀರ್ಪು ಕೊಡುವುದಲ್ಲ, ತಕ್ಕ ಪರಿಣತರನ್ನು ಹುಡುಕುವುದು. ಸಾಮಾನ್ಯವಾಗಿ ಇಬ್ಬರು ಪರಿಣತರಿಗೆ, ಹಲವು ಪತ್ರಿಕೆಗಳಲ್ಲಿ ಲೇಖಕರ ಹೆಸರು ಅಳಿಸಿಯೇ, ಲೇಖನ ಹೋಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಖರೀದಿದಾರ ರೈತನ ಮುಖ ನೋಡಿ ದರ ಬರೆಯುವುದಿಲ್ಲವಲ್ಲ, ಕಾಯಿ ಮುರಿದು ಬಣ್ಣ, ತೇವ ನೋಡುತ್ತಾನೆ; ಹಾಗೆಯೇ ಇದು.

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಅದೇ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಮತ್ತು ಬೆಲೆಯ ಸಂಬಂಧದ ಬಗ್ಗೆ ಲೇಖನ ಬಂತೆನ್ನಿ. ಬಣ್ಣ ಅಳೆದ ವಿಧಾನ ಸರಿಯೇ ಎಂದು ರಸಾಯನಶಾಸ್ತ್ರದವರೇ ಹೇಳಬೇಕು, ಬೆಲೆಯ ಲೆಕ್ಕವನ್ನು ಅರ್ಥಶಾಸ್ತ್ರದವರು. ಅಂಥ ಪರಿಣತರನ್ನು ಹುಡುಕಲು ಬಗೆಬಗೆಯ ಮೇಷ್ಟ್ರುಗಳು ಬೇಕಾಗುವುದು ಇಂಥಲ್ಲೇ. ಪರಿಣತರ ಅಭಿಪ್ರಾಯ ಬಂದ ಮೇಲೆ ಸ್ವೀಕಾರ, ತಿದ್ದುಪಡಿ, ತಿರಸ್ಕಾರ ಸಂಪಾದಕರಿಗೆ ಬಿಟ್ಟದ್ದು. ಈ ಕೆಲಸಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ.

ಹೆಸರಿಗಷ್ಟೇ ಮಂಡಳಿ ಇಟ್ಟುಕೊಂಡು, ಹಣ ಪಡೆದು ಎರಡೇ ದಿನದಲ್ಲಿ ಅಚ್ಚು ಹಾಕುವ ಪತ್ರಿಕೆಗಳೂ ಉಂಟು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿತ ಪತ್ರಿಕೆಗಳ ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದ್ದರಿಂದ ಕಾಳು ಯಾವುದು, ಜೊಳ್ಳು ಯಾವುದು ಎಂದು ಈಗ ಕಾಲೇಜುಗಳೇ ಆರಿಸಿಕೊಳ್ಳಬೇಕಾಗಿದೆ.